ಕ್ರೋನಿಯೆ ಸತ್ತಾಗ ಅತ್ತವರು ದಡ್ಡರೇ?

ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಬೇಲೂರು ಬಸ್ಸು ಹತ್ತಿ ಸೀಟು ಹಿಡಿದು ಕೂತರೆ ಸಾಕು, ಜಾವಗಲ್, ಹಳೇಬೀಡು ದಾಟಿ ಬೇಲೂರು ಮುಟ್ಟುವಷ್ಟರಲ್ಲಿ ಲೋಕದ ಸಕಲ ವ್ಯಾಜ್ಯಗಳೂ ಇತ್ಯರ್ಥವಾಗಿರುತ್ತವೆ. ಕೊಬ್ಬರಿ ರೇಟಿನಿಂದ ಹಿಡಿದು ದಿಲ್ಲಿ ಸರ್ಕಾರದವರೆಗೆ ನಮ್ಮ ಜನ ತೀರ್ಪು ಕೊಡದ ವಿಷಯವಿಲ್ಲ. ಆದರೆ ಮೊನ್ನೆಯ ಒಂದು ವ್ಯಾಜ್ಯ ಮಾತ್ರ ಬೇಲೂರು ಬಂದರೂ ತೀರಲಿಲ್ಲ. ಅದಕ್ಕೇ ಇವತ್ತು ಇಲ್ಲಿ ಬರೆಯುತ್ತಿದ್ದೇನೆ.

ಆದದ್ದಿಷ್ಟು. ಕಾಲೇಜು ಹುಡುಗನೊಬ್ಬ ಮೊಬೈಲಿನಲ್ಲಿ ಯಾವುದೋ ಹಳೇ ಕ್ರಿಕೆಟ್ ಮ್ಯಾಚು ನೋಡುತ್ತಾ ಕೂತಿದ್ದ. ಪಕ್ಕದಲ್ಲಿದ್ದ ಕೊಬ್ಬರಿ ಮಂಡಿ ಯಜಮಾನರು ಕತ್ತು ಉದ್ದ ಮಾಡಿ ಇಣುಕಿದರು.

"ಅಯ್ಯೋ, ಇವನು ಕ್ರೋನಿಯೆ ಅಲ್ವೇನಪ್ಪ! ಎಂಥಾ ಆಟಗಾರ! ಪಾಪ, ಪ್ಲೇನು ಬಿದ್ದು ಸತ್ತೋದ. ಸುದ್ದಿ ಕೇಳಿ ಅವತ್ತು ನನಗೆ ಊಟ ಸೇರ್ಲಿಲ್ಲ ಕಣಪ್ಪ."

ಹಿಂದಿನ ಸೀಟಿನಿಂದ ದಿನಸಿ ಅಂಗಡಿಯವರೊಬ್ಬರು ಬಾಯಿ ಹಾಕಿದರು.

"ಪಾಪ ಏನ್ ಪಾಪ ಸ್ವಾಮಿ? ದುಡ್ಡಿಗೆ ಆಟ ಮಾರ್ಕೊಂಡೋನಿಗೆ ಪಾಪ ಅಂತೀರಲ್ಲ! ನಾವು ಇಲ್ಲಿ ಗಿರಾಕಿನ ಕಾಯಿಸಿ ಮ್ಯಾಚ್ ನೋಡ್ತಿದ್ವಿ. ಅವನು ಅಲ್ಲಿ ಬುಕ್ಕಿ ಜೊತೆ ಫೋನಲ್ಲಿ ವ್ಯಾಪಾರ ಕುದುರಿಸ್ತಿದ್ದ."

"ಸತ್ತೋರನ್ನ ಹಂಗನ್ನಬಾರ್ದು ಸಾವ್ಕಾರ್ರೇ."

"ಸತ್ತ ತಕ್ಷಣ ಕಳ್ಳ ಸಾಚಾ ಆಗ್ಬಿಡ್ತಾನಾ?"

ಮಾತು ಬೆಳೆಯಿತು. ಬಸ್ಸು ಎರಡು ಪಾರ್ಟಿಯಾಯಿತು. ಕೊನೆಗೆ ಆ ಹುಡುಗ ಕೇಳಿದ: "ಸರಿ ಅಂಕಲ್, ಹಾಗಾದ್ರೆ ಅವನು ಸತ್ತಾಗ ಅತ್ತೋರೆಲ್ಲ ದಡ್ಡರಾ?"

ಇಬ್ಬರು ಯಜಮಾನರೂ ಸುಮ್ಮನಾದರು. ನಾನೂ ಸುಮ್ಮನಾದೆ. ಏಕೆಂದರೆ 2002ರ ಜೂನಿನಲ್ಲಿ ಕಣ್ಣೀರು ಹಾಕಿದವರ ಪೈಕಿ ನಾನೂ ಒಬ್ಬ.

ಶ್ರೀನಾಥ್ ಓರಗೆಯವನು

ಇವತ್ತಿನ ಹುಡುಗರಿಗಾಗಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಹ್ಯಾನ್ಸಿ ಕ್ರೋನಿಯೆ ದಕ್ಷಿಣ ಆಫ್ರಿಕಾ ತಂಡದ ಕ್ಯಾಪ್ಟನ್ ಆಗಿದ್ದವನು. ಹುಟ್ಟಿದ್ದು 1969ರ ಸೆಪ್ಟೆಂಬರ್ 25. ನಮ್ಮ ಜಾವಗಲ್ ಶ್ರೀನಾಥ್ ಹುಟ್ಟಿದ್ದು ಅದೇ ವರ್ಷ ಆಗಸ್ಟ್ 31. ಇಬ್ಬರಿಗೂ ಒಂದು ತಿಂಗಳ ಅಂತರವೂ ಇಲ್ಲ. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಾದರೂ ಹೆಸರಿನ ಮುಂದಿರುವ ಊರು ನಮ್ಮದು. ಅವರು ಪ್ರಪಂಚದ ಯಾವ ಮೈದಾನದಲ್ಲಿ ಓಡಿ ಬಂದು ಬಾಲ್ ಹಾಕಿದರೂ ಕಾಮೆಂಟ್ರಿಯಲ್ಲಿ ಜಾವಗಲ್ ಎಂಬ ಮಾತು ಕೇಳಿಸುತ್ತಿತ್ತು. ಅರಸೀಕೆರೆಯಿಂದ ಬೇಲೂರಿನವರೆಗೆ ಈ ರಸ್ತೆಯ ಜನರ ಎದೆ ಒಂದು ಗೇಣು ಉಬ್ಬುತ್ತಿತ್ತು.

ಶ್ರೀನಾಥ್ ಬೌಲಿಂಗ್ ನೋಡಲು ಕೂತವರು ಎದುರಾಳಿಯನ್ನೂ ನೋಡಲೇಬೇಕಲ್ಲ. ಹಾಗೆ ನಮಗೆ ಕ್ರೋನಿಯೆ ಪರಿಚಯವಾದ. ಅವನು, ಇವನು ಅಂತಲೇ ಬರೆಯುತ್ತೇನೆ. ಮನೆಯವರಂತೆ ಇಷ್ಟಪಟ್ಟವರಿಗೆ ಬಹುವಚನ ಬರುವುದಿಲ್ಲ.

1996ರ ನವೆಂಬರಿನ ಅಹಮದಾಬಾದ್ ಟೆಸ್ಟು ನೆನಪಿದೆಯೇ? ಗೆಲ್ಲಲು ದಕ್ಷಿಣ ಆಫ್ರಿಕಕ್ಕೆ ಬೇಕಾಗಿದ್ದದ್ದು ಬರೀ 170 ರನ್. ಶ್ರೀನಾಥ್ 21 ರನ್ನಿಗೆ 6 ವಿಕೆಟ್ ಕಿತ್ತು ಇಡೀ ತಂಡವನ್ನು 105ಕ್ಕೆ ಮಲಗಿಸಿದರು. ಆ ಬಿರುಗಾಳಿಯಲ್ಲಿ ಔಟಾಗದೆ 48 ರನ್ ಮಾಡಿ ಒಬ್ಬನೇ ನಿಂತಿದ್ದವನು ಕ್ರೋನಿಯೆ. ನಮ್ಮವರು ಗೆದ್ದ ಖುಷಿ ಒಂದು ಕಡೆ, ಒಂಟಿಯಾಗಿ ನಿಂತ ಆ ಎತ್ತರದ ಮನುಷ್ಯನ ಮೇಲೆ ಮರುಕ ಇನ್ನೊಂದು ಕಡೆ. ಶತ್ರು ಪಾಳಯದವನ ಮೇಲೆ ಅಭಿಮಾನ ಹುಟ್ಟುವುದು ಹೀಗೆಯೇ.

ಅಭಿಮಾನಕ್ಕೆ ಕಾರಣವೂ ಇತ್ತು. 53 ಟೆಸ್ಟುಗಳಲ್ಲಿ ಕ್ಯಾಪ್ಟನ್ ಆಗಿ 27 ಗೆದ್ದವನು. 138 ಒನ್‌ಡೇಗಳಲ್ಲಿ 99 ಗೆಲುವು. ವರ್ಣಭೇದದ ಪಾಪಕ್ಕಾಗಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಜಗತ್ತಿನ ಕ್ರಿಕೆಟ್ಟಿನಿಂದ ಹೊರಗಿದ್ದ ದೇಶ ಅದು. ಆ ದೇಶಕ್ಕೆ ಹೊಸ ಮರ್ಯಾದೆ ತಂದುಕೊಟ್ಟವನು ಎಂದು ಅಲ್ಲಿನ ಜನ ಅವನನ್ನು ತಲೆ ಮೇಲೆ ಹೊತ್ತಿದ್ದರು.

ಅವನು ಆಡಿದ ಕಟ್ಟಕಡೆಯ ಟೆಸ್ಟ್ ಯಾವ ಊರಿನಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ! 2000ದ ಮಾರ್ಚ್ ಮೊದಲ ವಾರ, ಚಿನ್ನಸ್ವಾಮಿ ಸ್ಟೇಡಿಯಂ. ಭಾರತವನ್ನು ಇನ್ನಿಂಗ್ಸ್ ಮತ್ತು 71 ರನ್ನಿನಿಂದ ಸೋಲಿಸಿ ಸರಣಿ ಗೆದ್ದ. ನಮ್ಮ ನೆಲದಲ್ಲಿ ಹೊರಗಿನ ತಂಡವೊಂದು ಟೆಸ್ಟ್ ಸರಣಿ ಗೆದ್ದದ್ದು 1987ರಲ್ಲಿ ಪಾಕಿಸ್ತಾನ ಗೆದ್ದ ಮೇಲೆ ಅದೇ ಮೊದಲು. ನಮ್ಮವರು ಸೋತರೂ ಅವನಿಗೆ ಚಪ್ಪಾಳೆ ಹೊಡೆದೆವು. ಅದು ಕೊನೆಯ ಟೆಸ್ಟ್ ಎಂದು ನಮಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಒಂದೇ ತಿಂಗಳಲ್ಲಿ ಬಣ್ಣ ಬಯಲು

2000ದ ಏಪ್ರಿಲ್ 7ರಂದು ದಿಲ್ಲಿ ಪೊಲೀಸರು ಬಾಂಬು ಹಾಕಿದರು. ಬೇರೊಂದು ಕೇಸಿಗಾಗಿ ಫೋನ್ ಕೇಳಿಸಿಕೊಳ್ಳುತ್ತಿದ್ದವರ ಕಿವಿಗೆ ಕ್ರೋನಿಯೆಯ ದನಿ ಬಿದ್ದಿತ್ತಂತೆ. ಮೊದಲು ಅವನು ಇಲ್ಲವೇ ಇಲ್ಲ ಅಂದ. ನಾವು ಅವನನ್ನೇ ನಂಬಿದೆವು. ನಮ್ಮ ಪೊಲೀಸರನ್ನು ನಂಬಲಿಲ್ಲ! "ಕ್ರೋನಿಯೆ ಅಂಥವನಲ್ಲ ಬಿಡ್ರೀ" ಅಂತ ಟೀ ಅಂಗಡಿಗಳಲ್ಲಿ ವಾದ ಮಾಡಿದೆವು. ನಾಲ್ಕೇ ದಿನ. ತಾನು ಪೂರ್ತಿ ಪ್ರಾಮಾಣಿಕನಾಗಿರಲಿಲ್ಲ ಎಂದು ತನ್ನ ಮಂಡಳಿಯ ಮುಖ್ಯಸ್ಥರ ಮುಂದೆ ತಾನೇ ಬಾಯಿಬಿಟ್ಟ. ಕ್ಯಾಪ್ಟನ್ ಪಟ್ಟ ಹೋಯಿತು.

ಜೂನಿನಲ್ಲಿ ಕಿಂಗ್ ಆಯೋಗದ ಮುಂದೆ ಎಲ್ಲ ಹೊರಬಿತ್ತು. 1996ರಿಂದ ಬುಕ್ಕಿಗಳ ದುಡ್ಡು ತಿಂದದ್ದು, ಒಂದು ಟೆಸ್ಟಿಗೆ ದುಡ್ಡಿನ ಜೊತೆ ಚರ್ಮದ ಕೋಟು ಇಸಕೊಂಡದ್ದು, ನಾಗಪುರದ ಒನ್‌ಡೇಯಲ್ಲಿ 20 ರನ್ ಒಳಗೆ ಔಟಾಗು ಎಂದು ಹರ್ಷೆಲ್ ಗಿಬ್ಸ್‌ಗೆ 15,000 ಡಾಲರ್ ಆಸೆ ತೋರಿಸಿದ್ದು. ಗಿಬ್ಸ್ ಮೊದಲು ಒಪ್ಪಿಕೊಂಡು, ಮೈದಾನಕ್ಕಿಳಿದ ಮೇಲೆ 74 ರನ್ ಹೊಡೆದ. ಕ್ರೋನಿಯೆ ಮಾತ್ರ, ದುಡ್ಡು ಪಡೆದದ್ದು ನಿಜ, ಆದರೆ ಯಾವ ಪಂದ್ಯವನ್ನೂ ಬೇಕೆಂದು ಸೋತಿಲ್ಲ ಎಂದು ವಾದಿಸಿದ. ಅಕ್ಟೋಬರಿನಲ್ಲಿ ಕ್ರಿಕೆಟ್ಟಿನಿಂದ ಜೀವಾವಧಿ ಬಹಿಷ್ಕಾರ ಬಿತ್ತು.

ನನ್ನ ಕಥೆ ಹೇಳುತ್ತೇನೆ. ಪೇಪರಿನಿಂದ ಕತ್ತರಿಸಿ ಗೋಡೆಗೆ ಅಂಟಿಸಿದ್ದ ಅವನ ಫೋಟೋವನ್ನು ಏಪ್ರಿಲ್‌ನಲ್ಲೇ ಹರಿದು ಒಲೆಗೆ ಹಾಕಿದೆ. ಪುಣ್ಯಕ್ಕೆ ಒಲೆ ಉರಿಯುತ್ತಿರಲಿಲ್ಲ. ಮನೆಯವಳು ಅರ್ಧ ತುಂಡನ್ನು ಈಚೆ ತೆಗೆದು, "ಇಷ್ಟು ವರ್ಷ ಇಟ್ಕೊಂಡಿದ್ರಿ, ಇನ್ನೊಂದು ದಿನ ಯೋಚನೆ ಮಾಡಿ" ಅಂತ ಡಬ್ಬಿಯಲ್ಲಿ ಇಟ್ಟಳು. ಆಮೇಲೆ ನಾನು ಮರೆತೆ.

ಕೊನೆ ಬಸ್ಸು ತಪ್ಪಿದಾಗ

2002ರ ಜೂನ್ 1, ಶನಿವಾರ. ಆಗ ಅವನೊಂದು ಕಂಪನಿಯಲ್ಲಿ ಸಂಬಳದ ಕೆಲಸಕ್ಕಿದ್ದ. ಜೊಹಾನ್ಸ್‌ಬರ್ಗಿನಿಂದ ಜಾರ್ಜ್ ಎಂಬ ಊರಿಗೆ, ಅಂದರೆ ಮನೆಗೆ ಹೋಗಬೇಕಿತ್ತು. ಮಾಮೂಲಿ ವಿಮಾನ ಹೊರಡಲಿಲ್ಲ. ಸರಕು ಸಾಗಿಸುವ ಹಾಕರ್ ಸಿಡ್ಲಿ ವಿಮಾನವೊಂದು ಆ ಕಡೆ ಹೊರಟಿತ್ತು. ಅದನ್ನೇ ಹತ್ತಿದ. ಇಬ್ಬರು ಪೈಲಟ್‌ಗಳು, ಇವನೊಬ್ಬನೇ ಪ್ಯಾಸೆಂಜರು.

ಬಸ್ಸಿನಲ್ಲಿ ಓಡಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಅರಸೀಕೆರೆಯಲ್ಲಿ ಕೊನೆ ಬಸ್ಸು ತಪ್ಪಿದಾಗ ಮನೆ ಸೇರಿದರೆ ಸಾಕೆಂದು ಕೊಬ್ಬರಿ ಲಾರಿಗೆ ಕೈ ಅಡ್ಡ ಹಿಡಿದಿಲ್ಲವೇ ನಾವು? ಕ್ಯಾಬಿನ್ನಿನಲ್ಲಿ ಡ್ರೈವರ್ ಪಕ್ಕ ಮುದುರಿ ಕೂತು, ಮಕ್ಕಳು ಮಲಗುವುದರೊಳಗೆ ಸೇರಿಕೊಂಡೇನು ಎಂದು ಲೆಕ್ಕ ಹಾಕಿಲ್ಲವೇ? ಅವನು ಮಾಡಿದ್ದೂ ಅಷ್ಟೇ. ಅಲ್ಲಿ ಸ್ಟಾರೂ ಇಲ್ಲ, ಕಳ್ಳನೂ ಇಲ್ಲ. ಮನೆಗೆ ಹೊರಟ ಒಬ್ಬ ಗಂಡಸು, ಅಷ್ಟೇ.

ಜಾರ್ಜ್ ವಿಮಾನ ನಿಲ್ದಾಣದ ಹತ್ತಿರ ದಟ್ಟ ಮೋಡ. ಪೈಲಟ್‌ಗಳಿಗೆ ಕೆಳಗಿನದು ಕಾಣಲಿಲ್ಲ. ಇಳಿಯಲಾಗದೆ ಸುತ್ತು ಹಾಕುವಾಗ ವಿಮಾನ ಔಟೆನಿಕ್ವಾ ಬೆಟ್ಟಕ್ಕೆ ಬಡಿಯಿತು. ಮೂವರೂ ಹೋದರು. ಕ್ರೋನಿಯೆಗೆ 32 ವರ್ಷ.

ಸುದ್ದಿ ಕೇಳಿದಾಗ ನಾನು ಮೊದಲು ಹುಡುಕಿದ್ದು ಆ ಡಬ್ಬಿಯನ್ನು. ಅರ್ಧ ಫೋಟೋ ಹಾಗೇ ಇತ್ತು.

ಬಾಕಿ ಇಟ್ಟ ಗಿರಾಕಿ

ಈಗ ಬಸ್ಸಿನ ವ್ಯಾಜ್ಯಕ್ಕೆ ಬರೋಣ. ಸತ್ತಮೇಲೆ ಎಲ್ಲ ಮಾಫಿ ಎಂದರು ಮಂಡಿ ಯಜಮಾನರು. ಮೋಸ ಮಾಡಿದವನಿಗೆ ಕಣ್ಣೀರು ದಂಡ ಎಂದರು ದಿನಸಿ ಸಾಹುಕಾರರು. ಇಬ್ಬರ ಮಾತೂ ಅರ್ಧ ಸರಿ, ಅರ್ಧ ತಪ್ಪು. ತಮಾಷೆ ಏನೆಂದರೆ ಇಬ್ಬರೂ ಅಂಗಡಿಯವರು. ಸರಿಯಾದ ಉತ್ತರ ಅವರ ಗಲ್ಲಾ ಪೆಟ್ಟಿಗೆ ಪಕ್ಕದಲ್ಲೇ ಇದೆ.

ನಿಮ್ಮ ಅಂಗಡಿಯಲ್ಲಿ ಬಾಕಿ ಬರೆಸಿದ ಹಳೇ ಗಿರಾಕಿಯೊಬ್ಬ ದಿಢೀರನೆ ಸತ್ತ ಅಂತ ಇಟ್ಟುಕೊಳ್ಳಿ. ಏನು ಮಾಡುತ್ತೀರಿ? ಹೆಣದ ಮುಂದೆ ಖಾತೆ ಪುಸ್ತಕ ಹಿಡಿದು ನಿಲ್ಲುತ್ತೀರಾ? ಛೇ, ಇಲ್ಲ. ಬಾಗಿಲು ಅರ್ಧ ಎಳೆದು ಹೋಗುತ್ತೀರಿ, ಹಾರ ಹಾಕುತ್ತೀರಿ, ಬೇಕಾದರೆ ಹೆಗಲೂ ಕೊಡುತ್ತೀರಿ. ಹಾಗಂತ ವಾಪಸು ಬಂದು ಆ ಪುಟ ಹರಿಯುತ್ತೀರಾ? ಅದೂ ಇಲ್ಲ. ವಸೂಲಿಗೆ ಹೋಗದಿರಬಹುದು, ಆದರೆ ಬರೆದದ್ದು ಬರೆದ ಹಾಗೇ ಇರುತ್ತದೆ. ಹೆಗಲು ಹೆಗಲೇ, ಖಾತೆ ಖಾತೆಯೇ. ಒಂದಕ್ಕೊಂದು ಬೆರೆಸಿದರೆ ವ್ಯಾಪಾರವೂ ಕೆಡುತ್ತದೆ, ಮನುಷ್ಯತ್ವವೂ ಕೆಡುತ್ತದೆ.

ಕ್ರೋನಿಯೆ ವಿಷಯದಲ್ಲಿ ಅಭಿಮಾನಿಗಳಿಗೆ ಈ ಎರಡನ್ನೂ ಬೇರೆ ಇಡಲು ಆಗಲಿಲ್ಲ. ಅವನ ದೇಶದಲ್ಲಿ 2004ರಲ್ಲಿ ಟೀವಿಯವರು ನಾಡಿನ ಮಹಾ ವ್ಯಕ್ತಿಗಳು ಯಾರೆಂದು ಜನರ ಓಟು ಕೇಳಿದರೆ ಕ್ರೋನಿಯೆಗೆ 11ನೇ ಸ್ಥಾನ ಸಿಕ್ಕಿತು. ಅಂದರೆ ಸಾವು ಖಾತೆಯನ್ನು ಅಳಿಸಿಹಾಕಿತ್ತು. ಇನ್ನು ಕೆಲವರು ಇನ್ನೊಂದು ದಾರಿ ಹಿಡಿದರು. ಇದು ಅಪಘಾತವೇ ಅಲ್ಲ, ಬಾಯಿ ಮುಚ್ಚಿಸಲು ಬೆಟ್ಟಿಂಗ್ ದೊರೆಗಳೇ ವಿಮಾನ ಬೀಳಿಸಿದರು ಎಂಬ ಪುಕಾರು. ನಮ್ಮ ಅರಳೀಕಟ್ಟೆಗಳಿಗೂ ಈ ಪುಕಾರು ಬಂದಿತ್ತು, ನಾನೂ ನಾಲ್ಕು ಜನಕ್ಕೆ ಹೇಳಿದ್ದೆ. 2006ರಲ್ಲಿ ಅಲ್ಲಿನ ಹೈಕೋರ್ಟು ವಿಚಾರಣೆ ನಡೆಸಿ, ವಿಮಾನ ನಡೆಸಿದವರ ಲೋಪದಿಂದ ಆದ ಸಾವು ಎಂದಿತು.

ಪುಕಾರು ಏಕೆ ಹುಟ್ಟುತ್ತದೆ ಗೊತ್ತೇ? ಪ್ರೀತಿಸಿದವನು ಮೋಡ, ಬೆಟ್ಟ, ಒಂದು ತಪ್ಪು ತಿರುವು, ಇಷ್ಟು ಸಣ್ಣ ಕಾರಣಕ್ಕೆ ಸತ್ತ ಎಂದು ಒಪ್ಪಲು ಮನಸ್ಸು ಬರುವುದಿಲ್ಲ. ಯಾರೋ ಕೊಂದರು ಅಂದರೆ ಅವನು ಹುತಾತ್ಮನಾಗುತ್ತಾನೆ. ಹುತಾತ್ಮನ ಖಾತೆ ಕೇಳುವವರಿಲ್ಲ!

ಹಳೇಬೀಡಿನ ಗರುಡ ಕಂಬ

ಅಂದು ನಮ್ಮ ಬಸ್ಸು ಹಳೇಬೀಡಿನಲ್ಲಿ ನಿಂತಾಗ ನನಗೆ ನೆನಪಾದದ್ದು ಗರುಡ ಕಂಬ. ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲಿದೆ. ಟೂರಿಸ್ಟುಗಳು ಗೋಡೆಯ ಶಿಲ್ಪ ನೋಡಿ ಇದನ್ನು ನೋಡದೆ ಹೋಗುತ್ತಾರೆ. ಸುಮಾರು 800 ವರ್ಷದ ಹಿಂದೆ ವೀರಬಲ್ಲಾಳ ರಾಜ ತೀರಿಕೊಂಡಾಗ ಅವನ ಆಪ್ತ ಕುವರ ಲಕ್ಷ್ಮ, ಹೆಂಡತಿ ಮತ್ತು ಜೊತೆಗಾರರೊಡನೆ ತಾನೂ ಪ್ರಾಣ ಕೊಟ್ಟದ್ದರ ನೆನಪಿಗೆ ನಿಲ್ಲಿಸಿದ ಕಂಬ. ಒಡೆಯ ಸತ್ತರೆ ನಾನೂ ಸಾಯುತ್ತೇನೆಂದು ಪಣ ತೊಟ್ಟವರೇ ಗರುಡರು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರನ್ನು ಆ ಕಂಬದ ಮೇಲೆ ಕೆತ್ತಿದ್ದಾರೆ.

ಕಂಬಕ್ಕೆ ಕೈ ಮುಗಿಯೋಣ. ಆದರೆ ಗರುಡರ ಕಾಲ ಮುಗಿದಿದೆ. ನಮ್ಮಲ್ಲಿ ಇನ್ನೂ ಕೆಲವರಿಗೆ ಅದು ಗೊತ್ತಾಗಿಲ್ಲ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಏನಾಯಿತು? ಕಣ್ಣೀರು ಕಲ್ಲಾಯಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಒಬ್ಬ ಪೊಲೀಸ್ ಪೇದೆಯೂ ಸೇರಿ ಹಲವರು ಪ್ರಾಣ ಕಳಕೊಂಡರು. ದುಃಖ ನಿಜವಾದದ್ದೇ. ಆದರೆ ಆ ಬಸ್ಸಿನ ಡ್ರೈವರು, ಗಾಜು ಒಡೆಸಿಕೊಂಡ ಅಂಗಡಿಯವನು, ಅವರೂ ಅಣ್ಣಾವ್ರ ಅಭಿಮಾನಿಗಳೇ ಆಗಿದ್ದರಲ್ಲ?

ವಿಮಾನದ ಸಾವು ನಮ್ಮ ಬಾಗಿಲಿಗೂ ಬಂದಿತ್ತು. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಚುನಾವಣಾ ಪ್ರಚಾರಕ್ಕೆ ಹೊರಟ ಪುಟ್ಟ ವಿಮಾನ ಮೇಲೆದ್ದ ಸ್ವಲ್ಪ ಹೊತ್ತಿಗೇ ಬಿದ್ದು ನಟಿ ಸೌಂದರ್ಯ, ಅವರ ಅಣ್ಣ ಸೇರಿ ನಾಲ್ವರು ಸುಟ್ಟುಹೋದರು. ಅದೇ ವರ್ಷ 'ಆಪ್ತಮಿತ್ರ' ಟಾಕೀಸಿಗೆ ಬಂದಾಗ ಪರದೆ ಮೇಲೆ ನಗುವ ಸೌಂದರ್ಯರನ್ನು ನೋಡಿ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಯಾರೂ ಬಸ್ಸಿಗೆ ಕಲ್ಲು ಹೊಡೆಯಲಿಲ್ಲ. ಅಲ್ಲಿ ಖಾತೆಯ ಪ್ರಶ್ನೆಯೇ ಇರಲಿಲ್ಲ, ಹಾಗಾಗಿ ಅಳುವುದು ಸುಲಭವಾಗಿತ್ತು.

2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ನಮ್ಮ ಹುಡುಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪುನೀತ್ ಕಣ್ಣುಗಳು ನಾಲ್ಕು ಜನರಿಗೆ ಬೆಳಕು ಕೊಟ್ಟ ಸುದ್ದಿ ಕೇಳಿ, ತಾವೂ ನೇತ್ರದಾನಕ್ಕೆ ಹೆಸರು ಬರೆಸಲು ಸಾಲು ನಿಂತರು. ದುಃಖಕ್ಕೆ ಒಂದು ಕೆಲಸ ಕೊಟ್ಟರೆ ಅದು ಕಲ್ಲು ಎತ್ತುವುದಿಲ್ಲ. ಇದು ಆ ಹುಡುಗರು ನಮಗೆ ಕಲಿಸಿದ ಪಾಠ.

ಆ ದುಡ್ಡು ಯಾರದು?

ಹಾಗಾದರೆ ಕ್ರೋನಿಯೆಗಾಗಿ ಅತ್ತ ದುಃಖಕ್ಕೆ ಏನು ಕೆಲಸ ಕೊಡೋಣ? ಇಲ್ಲಿಯೇ ಸ್ವಾಮಿ ವಿಷಯ ಇರುವುದು.

ಅವನಿಗೆ ಡಾಲರುಗಳ ಕಂತೆ ಕೊಟ್ಟವನು ಬುಕ್ಕಿ. ಬುಕ್ಕಿ ಮನೆಯಲ್ಲಿ ದುಡ್ಡಿನ ಮರ ಇದೆಯೇ? ಊರೂರಿನಲ್ಲಿ ಬೆಟ್ಟು ಕಟ್ಟಿದವರ ಜೇಬಿನಿಂದ ನೂರು, ಇನ್ನೂರು, ಐನೂರು ಅಂತ ಹರಿದು ಸೇರಿದ ದುಡ್ಡು ಅದು. ಆಟ ನೋಡುವುದಕ್ಕಿಂತ ಆಟದ ಮೇಲೆ ದುಡ್ಡು ಕಟ್ಟುವುದೇ ರುಚಿ ಎಂದುಕೊಂಡವರು ಒಬ್ಬೊಬ್ಬರಾಗಿ ಹಾಕಿದ ಕಾಸು ಕೊನೆಗೆ ಒಬ್ಬ ಒಳ್ಳೇ ಆಟಗಾರನ ಕೊರಳಿಗೆ ಹಗ್ಗವಾಯಿತು. ಅವನು ಆಸೆಪಟ್ಟದ್ದು ಅವನ ತಪ್ಪು, ಅದರಲ್ಲಿ ರಿಯಾಯಿತಿ ಬೇಡ. ಆದರೆ ಹಗ್ಗ ಹೊಸೆದವರ ಖಾತೆಯನ್ನೂ ತೆಗೆದು ನೋಡಬೇಕಲ್ಲವೇ?

ಈಗ ನಮ್ಮೂರಿನ ಕಡೆ ನೋಡಿ. ಐಪಿಎಲ್ ಸೀಸನ್ ಬಂತೆಂದರೆ ಟೀ ಅಂಗಡಿ ಹಿಂದೆ, ಬಸ್ ಸ್ಟ್ಯಾಂಡ್ ಮೂಲೆಯಲ್ಲಿ, ಮೊಬೈಲಿನೊಳಗೆ ಏನು ನಡೆಯುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ಸಂಸತ್ತು ಕಾನೂನು ಮಾಡಿತು. ಒಳ್ಳೆಯದು. ಆದರೆ ಕಾನೂನು ಬೆಂಗಳೂರಿನಿಂದ ರೈಲು ಹತ್ತಿ ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದು ನಮ್ಮ ಮನೆ ಹುಡುಗನ ಕೈಯಿಂದ ಮೊಬೈಲು ಕಿತ್ತುಕೊಳ್ಳುವುದಿಲ್ಲ. ಆ ಕೆಲಸ ನಮ್ಮದೇ. ಅಂಗಡಿಯ ಗಲ್ಲಾ ಮಗನಿಗೆ ಒಪ್ಪಿಸಿ ಸಂತೆಗೆ ಹೋಗುವ ಯಜಮಾನರೇ, ರಾತ್ರಿ ಬಂದು ಲೆಕ್ಕ ಸರಿಯಿದೆಯೇ ಎಂದು ಒಮ್ಮೆ ನೋಡಿ. ಕಮ್ಮಿ ಬಿದ್ದರೆ ಹೊಡೆಯಬೇಡಿ, ಬಯ್ಯಬೇಡಿ. ಕೂರಿಸಿಕೊಂಡು ಕ್ರೋನಿಯೆ ಕಥೆ ಹೇಳಿ.

ಜೊತೆಗೆ ಶ್ರೀನಾಥ್ ಕಥೆಯನ್ನೂ ಹೇಳಿ. ಇಬ್ಬರೂ ಒಂದೇ ಓರಗೆ. ಒಬ್ಬರು 236 ಟೆಸ್ಟ್ ವಿಕೆಟ್, 315 ಒನ್‌ಡೇ ವಿಕೆಟ್ ತೆಗೆದು 2003ರಲ್ಲಿ ಮರ್ಯಾದೆಯಾಗಿ ಆಟ ಮುಗಿಸಿ, 2006ರಲ್ಲಿ ಐಸಿಸಿ ಮ್ಯಾಚ್ ರೆಫರಿಯಾದರು. ಆಟಗಾರರ ನಡತೆ ಸರಿಯೋ ತಪ್ಪೋ ಎಂದು ತೀರ್ಪು ಹೇಳುವ ಕೆಲಸ ಅದು. ಇನ್ನೊಬ್ಬನಿಗೆ ತಪ್ಪು ಒಪ್ಪಿ ಬದುಕು ರಿಪೇರಿ ಮಾಡಿಕೊಳ್ಳಲು ಸಿಕ್ಕಿದ್ದು ಎರಡೇ ವರ್ಷ. ಇನ್ನೊಂದಿಪ್ಪತ್ತು ವರ್ಷ ಸಿಕ್ಕಿದ್ದರೆ ಏನು ಮಾಡುತ್ತಿದ್ದನೋ. ನನಗೆ ಸಂಕಟವಾಗುವುದು ಇದಕ್ಕೇ. ಅವನ ಖಾತೆ ಚುಕ್ತಾ ಆಗುವ ಮೊದಲೇ ಅಂಗಡಿ ಬಾಗಿಲು ಬಿತ್ತು.

ಬಸ್ಸಿನಲ್ಲಿ ಕೇಳಿದೆಯಲ್ಲ ತಮ್ಮಾ, ಅತ್ತವರು ದಡ್ಡರಾ ಅಂತ. ಅಂದು ಬೇಲೂರಿನಲ್ಲಿ ನೀನು ಇಳಿದು ಹೋದೆ, ನಾನು ಉತ್ತರ ಹೇಳಲಿಲ್ಲ. ಈಗ ಹೇಳುತ್ತೇನೆ. ದಡ್ಡರಲ್ಲಪ್ಪ. ನೋಡದವನಿಗಾಗಿ, ಸಂಬಂಧ ಇಲ್ಲದವನಿಗಾಗಿ, ಮೋಸ ಮಾಡಿದವನಿಗಾಗಿಯೂ ಅಳಬಲ್ಲವನು ಮನುಷ್ಯ. ಆದರೆ ಅತ್ತು ಕಣ್ಣೊರೆಸಿಕೊಂಡ ಕೈಯಲ್ಲೇ ಮೊಬೈಲು ತೆಗೆದು ಮುಂದಿನ ಮ್ಯಾಚಿಗೆ ಬೆಟ್ಟು ಕಟ್ಟಿದರೆ, ಅವನು ದಡ್ಡ.

ಅರ್ಧ ಹರಿದ ಆ ಫೋಟೋ ಈಗಲೂ ನನ್ನ ಡಬ್ಬಿಯಲ್ಲಿದೆ. ಅಂಟಿಸಿ ಗೋಡೆಗೆ ಹಾಕುವ ಮನಸ್ಸಿಲ್ಲ. ಒಲೆಗೆ ಹಾಕುವ ಮನಸ್ಸೂ ಇಲ್ಲ.